ಗೂಳಿ ತಿದ್ದಿದ ಕುದುರೆ, ತೋಳ ತಿದ್ದಿದ ಕುದುರೆ

ಪೋರ್ಚುಗೀಸರು, ಕುದುರೆ ಎಂದ ಕೂಡಲೇ ನಮಗೆ ನೆನಪಾಗುವುದು ಹಂಪಿ. 1510ರಲ್ಲಿ ಗೋವಾ ಹಿಡಿದ ಮೇಲೆ ವಿಜಯನಗರಕ್ಕೆ ಹೋಗುವ ಕುದುರೆ ವ್ಯಾಪಾರ ಅವರ ಮುಷ್ಟಿಗೆ ಬಂತು. ವಿಜಯನಗರದ ಬಗ್ಗೆ ಬರೆದಿಟ್ಟ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ತನಗಿಂತ ಮುಂಚಿನ ಒಂದು ಕಥೆಯನ್ನು ಅವನು ಹೇಳುತ್ತಾನೆ. ಸಾಳುವ ನರಸಿಂಹನಿಗೆ ಕುದುರೆಯ ಹಂಬಲ ಎಷ್ಟಿತ್ತೆಂದರೆ, ದಾರಿಯಲ್ಲಿ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಎಣಿಸಿಬಿಡುತ್ತಿದ್ದನಂತೆ.

ತಮಾಷೆ ಏನೆಂದರೆ, ಪೋರ್ಚುಗೀಸರು ನಮ್ಮವರಿಗೆ ಮಾರಿದ ಆ ಕುದುರೆಗಳು ಪೋರ್ಚುಗಲ್‌ನವಲ್ಲ. ಹೊರ್ಮುಜ್ ಬಂದರಿನಿಂದ ಬರುತ್ತಿದ್ದ ಅರಬ್ ಮತ್ತು ಪರ್ಷಿಯನ್ ಕುದುರೆಗಳು ಅವು. ಅವರದೇ ಊರಿನ ಕುದುರೆಗಳು ಊರಲ್ಲೇ ಉಳಿದವು. ಹಾಗಾದರೆ ಆ ಕುದುರೆಗಳು ಎಂಥವು?

ಪೋರ್ಚುಗಲ್ ಕರ್ನಾಟಕದ ಅರ್ಧದಷ್ಟೂ ಇಲ್ಲದ ದೇಶ. ಅಷ್ಟರಲ್ಲೇ ನಾಲ್ಕು ನಾಟಿ ಕುದುರೆ ತಳಿಗಳಿವೆ: ಲುಸಿಟಾನೊ, ಸೊರಾಯಾ, ಗರ್ರಾನೊ, ಮತ್ತೆ ತೀರಾ ಈಚೆಗೆ ಪಟ್ಟಿಗೆ ಸೇರಿದ ತೆರ್ಸೇರಾ ದ್ವೀಪದ ಪೋನಿ. ಒಂದರ ಪಕ್ಕ ಒಂದನ್ನು ನಿಲ್ಲಿಸಿದರೆ ಒಂದೇ ದೇಶದವು ಎಂದು ನಂಬುವುದು ಕಷ್ಟ. ಇಷ್ಟು ವ್ಯತ್ಯಾಸ ಹೇಗೆ ಬಂತು ಎಂಬುದಕ್ಕೆ "ರಕ್ತ", "ವಂಶ" ಎಂಬ ಉತ್ತರವನ್ನೇ ಜಾಸ್ತಿ ಕೇಳುತ್ತೇವೆ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಈ ಕುದುರೆ ದಿನಾ ಯಾರ ಎದುರು ನಿಲ್ಲಬೇಕಿತ್ತು, ಯಾವ ನೆಲದ ಮೇಲೆ ಓಡಬೇಕಿತ್ತು ಎಂದು ಕೇಳಿ ನೋಡಿ. ಆಗ ಅದರ ಮೈಕಟ್ಟೇ ಉತ್ತರ ಹೇಳುತ್ತದೆ.

ಗೂಳಿಯ ಎದುರು ನಿಲ್ಲುವ ಮೈ

ಲುಸಿಟಾನೊ ಎಲ್ಲಕ್ಕಿಂತ ಹೆಸರುವಾಸಿ, ಹಾಗಾಗಿ ಅದರಿಂದಲೇ ಶುರು ಮಾಡೋಣ. ಆರು ವರ್ಷದ ಗಂಡು ಕುದುರೆ ಹೆಗಲ ಹತ್ತಿರ ಸುಮಾರು 1.60 ಮೀಟರ್ ಎತ್ತರ, ಹೆಣ್ಣು 1.55. ತೂಕ 500 ಕೆಜಿ ಆಸುಪಾಸು. ಮುಖವನ್ನು ಪಕ್ಕದಿಂದ ನೋಡಿದರೆ ಹಣೆಯಿಂದ ಮೂಗಿನವರೆಗೆ ಸ್ವಲ್ಪ ಉಬ್ಬಿದ ಗೆರೆ. ಬಾಗಿದ ದಪ್ಪ ಕುತ್ತಿಗೆ, ಗಿಡ್ಡ ಬೆನ್ನು, ದುಂಡು ಪೃಷ್ಠ, ಕೆಳಗಿನಿಂದ ಹೊರಡುವ ಬಾಲ. ಬಿಳಿ-ಬೂದು ಬಣ್ಣದವೇ ಜಾಸ್ತಿ ಕಾಣಿಸುತ್ತವೆ. ಕಂದು ಬಣ್ಣದವೂ ಬೇಕಾದಷ್ಟಿವೆ.

ಈ ಮೈಕಟ್ಟು ಯಾಕೆ ಹೀಗೆ? ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು, ಆದರೆ ಕಷ್ಟದ್ದೇನಲ್ಲ. ಸುಮ್ನೆ ನಿಂತ ಕುದುರೆಯ ತೂಕ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲಿರುತ್ತದೆ, ಏಕೆಂದರೆ ತಲೆ, ಕುತ್ತಿಗೆ ಎಲ್ಲ ಮುಂದಿವೆ. ಮೇಲೆ ಸವಾರ ಕೂತರೆ ಮುಂಭಾರ ಇನ್ನೂ ಜಾಸ್ತಿ. ನೇರ ದಾರಿಯಲ್ಲಿ ಓಡಲು ಇದರಿಂದ ತೊಂದರೆಯಿಲ್ಲ. ರೇಸಿನ ಕುದುರೆ ಮುಂದಕ್ಕೆ ಚಾಚಿಕೊಂಡೇ ಓಡುತ್ತದೆ. ಆದರೆ ಎದುರಿಗೆ ಕೊಂಬು ತಗ್ಗಿಸಿದ ಗೂಳಿ ಬರುತ್ತಿದ್ದರೆ? ಒಂದು ಹೆಜ್ಜೆಯೊಳಗೆ ನಿಲ್ಲಬೇಕು, ನಿಂತಲ್ಲೇ ತಿರುಗಬೇಕು, ಮರುಕ್ಷಣ ಹಾರಿ ಹೋಗಬೇಕು. ಮುಂಭಾರದ ಕುದುರೆಗೆ ಅದು ಆಗದ ಮಾತು.

ಕಬಡ್ಡಿಯಲ್ಲಿ ರೈಡ್‌ಗೆ ಹೋದವನನ್ನು ನೆನಪು ಮಾಡಿಕೊಳ್ಳಿ. ಮಂಡಿ ಬಗ್ಗಿಸಿ, ಸೊಂಟ ಕೆಳಗಿಳಿಸಿ ನಿಂತಿರುತ್ತಾನೆ. ಯಾವ ಕಡೆಗೆ ಬೇಕಾದರೂ ಜಿಗಿಯಬಲ್ಲ. ಕುದುರೆಗೂ ಅದನ್ನೇ ಕಲಿಸುತ್ತಾರೆ. ಹಿಂಗಾಲುಗಳನ್ನು ಹೊಟ್ಟೆಯ ಅಡಿಗೆ ತಂದು, ಕೀಲುಗಳನ್ನು ಬಗ್ಗಿಸಿ, ತೂಕವನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಆಗ ಮುಂಭಾಗ ಹಗುರಾಗಿ ಮೇಲೇಳುತ್ತದೆ. ಎಲ್ಲ ತಳಿಗೂ ಇದನ್ನು ಅಷ್ಟಿಷ್ಟು ಕಲಿಸಬಹುದು. ಲುಸಿಟಾನೊಗೆ ಹುಟ್ಟಿನಿಂದಲೇ ಸಲೀಸು. ಗಿಡ್ಡ ಬೆನ್ನು, ಗಟ್ಟಿ ಸೊಂಟ, ಇಳಿಜಾರು ಪೃಷ್ಠ ಎಲ್ಲ ಅದಕ್ಕೆಂದೇ ತಲೆಮಾರುಗಟ್ಟಲೆ ಆರಿಸಿ ಉಳಿಸಿಕೊಂಡ ಗುಣಗಳು.

ಸವಾರಿಯ ಶೈಲಿಯೂ ಇದಕ್ಕೆ ತಕ್ಕಂತೆಯೇ ಬೆಳೆಯಿತು. ಮಧ್ಯಯುಗದಲ್ಲಿ ಯುರೋಪಿನ ಭಾರೀ ಕವಚದ ಸವಾರರು ಕಾಲು ನೀಟಾಗಿ ಚಾಚಿ ಕೂರುತ್ತಿದ್ದರು. ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಮರು, ಅಂದರೆ 'ಮೂರ್'ಗಳು, ಪಾದ ಇಡುವ ರಿಕಾಪನ್ನು ಗಿಡ್ಡ ಮಾಡಿ, ಮಂಡಿ ಬಗ್ಗಿಸಿ, ಹಗುರ ಆಯುಧ ಹಿಡಿದು ಗಿರಗಿರನೆ ತಿರುಗುತ್ತಿದ್ದರು. ಐಬೀರಿಯದವರು, ಅಂದರೆ ಸ್ಪೇನ್, ಪೋರ್ಚುಗಲ್ ಸೀಮೆಯವರು, ಏಟು ತಿಂದು ಅದನ್ನೇ ಕಲಿತರು, ಅದಕ್ಕೆ 'ಜಿನೇಟಾ' ಎಂದು ಹೆಸರಿಟ್ಟರು. ಹದಿನೈದನೇ ಶತಮಾನದಲ್ಲಿ ಪೋರ್ಚುಗಲ್‌ನ ದೊರೆ ಡುಆರ್ತ್ ಸವಾರಿಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಬೇರೆ ಬೇರೆ ಜೀನುಗಳ ಮೇಲೆ ಹೇಗೆ ಕೂರಬೇಕು ಎನ್ನುವುದರ ಜೊತೆಗೆ, ಕುದುರೆ ಹತ್ತುವವನು ಹೆದರಿಕೆಯನ್ನು ಹೇಗೆ ಕಳೆದುಕೊಳ್ಳಬೇಕು ಎಂದೂ ಬರೆದಿದ್ದಾನೆ. ರಾಜನಿಗೂ ಹೆದರಿಕೆ ಇತ್ತು, ಅಲ್ವಾ!

ಗೂಳಿಯ ಕಾಳಗದ ಬಗ್ಗೆ ಒಂದು ಮಾತು. ಪೋರ್ಚುಗಲ್‌ನಲ್ಲಿ ಅದು ಮುಖ್ಯವಾಗಿ ಕುದುರೆಯ ಮೇಲಿನಿಂದ ನಡೆಯುತ್ತದೆ. ರಂಗದಲ್ಲಿ ಗೂಳಿಯನ್ನು ಕೊಲ್ಲುವುದಿಲ್ಲ ಎಂಬುದು ಅಲ್ಲಿನ ಪದ್ಧತಿ, ಆದರೆ ಸಾಮಾನ್ಯವಾಗಿ ಆಮೇಲೆ ಕಸಾಯಿಖಾನೆಗೇ ಹೋಗುತ್ತದೆ. ಗೂಳಿಗೆ ಕುದುರೆಯನ್ನು ಮುಟ್ಟಲು ಬಿಟ್ಟರೆ ಸವಾರನಿಗೆ ಅವಮಾನ. ನನಗೆ ಈ ಆಟ ಹಿಡಿಸುವುದಿಲ್ಲ. ಅಲ್ಲಿಯೂ ವಿರೋಧಿಸುವವರು ಬಹಳ ಮಂದಿ ಇದ್ದಾರೆ. ಆದರೆ ಲುಸಿಟಾನೊ ಯಾಕೆ ಹೀಗಿದೆ ಎಂದು ಹೇಳುವಾಗ ಗೂಳಿಯನ್ನು ಬಿಟ್ಟು ಮಾತಾಡಿದರೆ ಅದು ಸುಳ್ಳಾಗುತ್ತದೆ.

ಗೂಳಿ ಬರೀ ರಂಗದಲ್ಲಿ ಇರಲಿಲ್ಲ. ಲಿಸ್ಬನ್‌ಗೆ ಮೇಲಿರುವ ರಿಬಾತೇಜು ಸೀಮೆಯಲ್ಲಿ ತೇಜು ನದಿ ಹರಡಿಕೊಂಡು ಹರಿಯುತ್ತದೆ. ನೆರೆ ಬಂದು ಇಳಿದು ಆದ ಹುಲ್ಲುಗಾವಲಿಗೆ 'ಲೆಜೀರಿಯ' ಎನ್ನುತ್ತಾರೆ. ಅಲ್ಲಿ ಅರೆಕಾಡು ದನಗಳನ್ನು ಕಾಯುವ ಕುದುರೆ ಸವಾರ 'ಕಾಂಪಿನೊ'. ಹಸಿರು ಟೊಪ್ಪಿ, ಕೆಂಪು ವೇಸ್ಟ್‌ಕೋಟು, ಮಂಡಿವರೆಗಿನ ನೀಲಿ ಚಡ್ಡಿ, ಬಿಳಿ ಕಾಲುಚೀಲ. ಕೈಯಲ್ಲಿ ಉದ್ದನೆಯ ಮರದ ಕೋಲು. ಒಂದು ಕೈಗೆ ಕೋಲು ಬಂತೆಂದರೆ ಲಗಾಮಿಗೆ ಉಳಿಯುವುದು ಒಂದೇ ಕೈ. ಹಾಗಾಗಿ ಈ ಕುದುರೆಗಳನ್ನು ಎಡಗೈಯೊಂದರಲ್ಲೇ ನಡೆಸುವುದು, ಉಳಿದದ್ದನ್ನು ಸೊಂಟ, ತೊಡೆಗಳ ಒತ್ತಡದಿಂದ ಹೇಳುವುದು. ಕಾಂಪಿನೊಗಳ ಗೌರವಕ್ಕೆ ವಿಲಾ ಫ್ರಾಂಕಾ ದ ಶೀರಾ ಪಟ್ಟಣದಲ್ಲಿ 1932ರಿಂದ 'ಕೆಂಪು ವೇಸ್ಟ್‌ಕೋಟಿನ ಹಬ್ಬ'ವೇ ನಡೆಯುತ್ತದೆ.

ಇನ್ನು 'ಶುದ್ಧ ರಕ್ತ'ದ ವಿಷಯ. ಈ ತಳಿಯ ಪೂರ್ತಿ ಹೆಸರು 'ಶುದ್ಧ ರಕ್ತದ ಲುಸಿಟಾನೊ'. ರೋಮನ್ನರ ಕಾಲದ ಲುಸಿಟಾನಿಯ ಪ್ರಾಂತ್ಯದ ಹೆಸರು ಅದು. ಕೇಳಿದರೆ ಎರಡು ಸಾವಿರ ವರ್ಷದ ಹಿಂದಿನದು ಅನಿಸುತ್ತದೆ. ಐಬೀರಿಯದ ಸವಾರಿ ಕುದುರೆ ಹಳೆಯದು ನಿಜ, ರೋಮನ್ನರೂ ಅದನ್ನು ಹೊಗಳಿದ್ದರು. ಆದರೆ ಲುಸಿಟಾನೊ ಎಂಬ ಬೇರೆ ತಳಿ ಕಾಗದದ ಮೇಲೆ ಹುಟ್ಟಿದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಸ್ಪೇನ್ ಮತ್ತು ಪೋರ್ಚುಗಲ್ ಕುದುರೆಗಳನ್ನು ಒಂದೇ ಬಳಗ ಎಂದು ಎಣಿಸುತ್ತಿದ್ದರು. ಆಮೇಲೆ ವಂಶಾವಳಿ ಪುಸ್ತಕ ಬೇರೆಯಾಯಿತು. ಒಂದು ತಾಯಿಯ ಮಕ್ಕಳು ಆಸ್ತಿ ಪಾಲಾದ ಮೇಲೆ ಬೇರೆ ಬೇರೆ ಮನೆತನ ಆಗುವುದಿಲ್ಲವೇ, ಹಾಗೆ. ಪೋರ್ಚುಗಲ್‌ನವರು ಗೂಳಿಯ ಎದುರಿನ ಚುರುಕಿಗೆ ಹೆಚ್ಚು ಬೆಲೆ ಕೊಟ್ಟು ಆರಿಸುತ್ತ ಹೋದರು, ಆ ವ್ಯತ್ಯಾಸ ಈಗ ಕಣ್ಣಿಗೂ ಕಾಣುತ್ತದೆ.

ಲುಸಿಟಾನೊದೊಳಗೇ ಒಂದು ರಾಜವಂಶದ ಕವಲಿದೆ. 1748ರಲ್ಲಿ ದೊರೆ ಐದನೆಯ ಜುವಾಂವ್ ಅಲೆಂತೇಜು ಸೀಮೆಯ ಅಲ್ತೇರ್ ದೊ ಶಾಂವ್ ಎಂಬಲ್ಲಿ ಕುದುರೆ ಸಾಕುವ ಕೇಂದ್ರ ಶುರು ಮಾಡಿಸಿದ. ಅರಮನೆಯ ಸವಾರಿ ಶಾಲೆಗೆ ಬೇಕಾದ ಕುದುರೆಗಳು ಅಲ್ಲಿಂದ ಬರುತ್ತಿದ್ದವು. ನೆಪೋಲಿಯನ್ನನ ಸೈನ್ಯ ಬಂದಾಗ ಒಳ್ಳೊಳ್ಳೆ ಕುದುರೆಗಳು ಹೋದವು. ಆಮೇಲೆ ಅರಬ್, ಇಂಗ್ಲಿಷ್ ಕುದುರೆಗಳ ಜೊತೆ ಬೆರಕೆ ಮಾಡಿ ಕೆಡಿಸಿಕೊಂಡರು. 1910ರಲ್ಲಿ ರಾಜಶಾಹಿಯೇ ಬಿತ್ತು. ಆದರೂ ಕವಲು ಉಳಿಯಿತು. ಕೇಂದ್ರ ಅದೇ ಜಾಗದಲ್ಲಿ ಈಗಲೂ ನಡೆಯುತ್ತಿದೆ, ಕುದುರೆಗಳ ಬಣ್ಣ ಈಗಲೂ ಕಂದು. 1979ರಲ್ಲಿ ಶುರುವಾದ ಪೋರ್ಚುಗೀಸ್ ಅಶ್ವಕಲಾ ಶಾಲೆ ಈ ಕುದುರೆಗಳನ್ನೇ ಬಳಸುತ್ತದೆ. ಲಿಸ್ಬನ್‌ನ ಬೆಲೇಂ ಬಡಾವಣೆಯಲ್ಲಿ ಅವುಗಳ ಪ್ರದರ್ಶನ ನೋಡಬಹುದು. ಪೋರ್ಚುಗಲ್‌ನ ಅಶ್ವಕಲೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಹೆಸರಿಡುವ ಪದ್ಧತಿಯೂ ಚೆನ್ನಾಗಿದೆ. ಒಂದು ವರ್ಷ ಹುಟ್ಟಿದ ಲುಸಿಟಾನೊ ಮರಿಗಳ ಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗಬೇಕು. ಮುಂದಿನ ವರ್ಷ ಮುಂದಿನ ಅಕ್ಷರ. ಹೆಸರು ಕೇಳಿದರೆ ವಯಸ್ಸು ಗೊತ್ತಾಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಕುದುರೆಯ ಹೆಜ್ಜೆಗಾರಿಕೆಗೆ ಅಂಕ ಕೊಡುವ 'ಡ್ರೆಸಾಜ್' ಸ್ಪರ್ಧೆಯಲ್ಲಿ, ಗೊನ್ಸಾಲೊ ಕರ್ವಾಲ್ಯೊ ಸವಾರಿ ಮಾಡಿದ 'ರೂಬಿ' ಅಲ್ತೇರ್ ಕೇಂದ್ರದ ಕುದುರೆ. ಆ ಸ್ಪರ್ಧೆಯಲ್ಲಿ ಜರ್ಮನಿ, ಹಾಲೆಂಡಿನ ಎತ್ತರದ ಕುದುರೆಗಳದ್ದೇ ದರ್ಬಾರು. ಉದ್ದನೆಯ ಹೆಜ್ಜೆಯಲ್ಲಿ ಅವುಗಳನ್ನು ಮೀರಿಸುವುದು ಲುಸಿಟಾನೊಗೆ ಕಷ್ಟ. ಆದರೆ ನಿಂತಲ್ಲೇ ತಾಳಕ್ಕೆ ಹೆಜ್ಜೆ ಹಾಕುವ ಚಲನೆ ಬಂದಾಗ ಗೂಳಿ ಕಲಿಸಿದ ಪಾಠ ಕೈ ಹಿಡಿಯುತ್ತದೆ.

ಹೊಳೆಯ ಬಯಲಿನ ಇಲಿ ಬಣ್ಣದ ಕುದುರೆ

ಸೊರಾಯಾದ ಕಥೆ ಒಬ್ಬ ಮನುಷ್ಯನ ಕಣ್ಣಿಗೆ ಬಿದ್ದ ಕಥೆ. ರುಯ್ ದಾಂದ್ರಾದ್ ಎಂಬ ಕುದುರೆ ಪಂಡಿತ 1920ರಲ್ಲಿ ರಿಬಾತೇಜುವಿನ ಕೊರೂಶ್ ಪಟ್ಟಣದ ಹತ್ತಿರ ಬೇಟೆಗೆ ಹೋಗಿದ್ದ. ಅಲ್ಲೊಂದು ಕುದುರೆ ಹಿಂಡು ಕಂಡಿತು. ಮಾಸಲು ಹಳದಿ, ಇಲ್ಲವೇ ಬೂದಿ ಬಣ್ಣ. ಬೂದಿ ಬಣ್ಣಕ್ಕೆ ಪೋರ್ಚುಗೀಸರು 'ಇಲಿ' ಎಂದೇ ಹೇಳುತ್ತಾರೆ. ಬೆನ್ನುದ್ದಕ್ಕೂ ಕಪ್ಪು ಗೆರೆ. ಕಾಲುಗಳ ಮೇಲೆ ಜೀಬ್ರಾದಂತೆ ಅಡ್ಡ ಪಟ್ಟೆ. ಕಾಡು ಕುದುರೆಗಳಿಗೆ ಇರುತ್ತಿದ್ದ ಲಕ್ಷಣ ಇದು. ಇವೇ ಐಬೀರಿಯದ ಎಲ್ಲ ಕುದುರೆಗಳ ಮೂಲ ಪುರುಷರು ಎಂದು ಅವನು ನಂಬಿದ. 1937ರಲ್ಲಿ ಅದೇ ಲಕ್ಷಣದ ಏಳು ಹೆಣ್ಣು, ನಾಲ್ಕು ಗಂಡು ಕುದುರೆಗಳನ್ನು ಸೇರಿಸಿ ಸಾಕತೊಡಗಿದ. ಹತ್ತಿರದ ಸೊರಾಯಾ ನದಿಯ ಹೆಸರನ್ನೇ ಇಟ್ಟ. ಸೊರ್, ರಾಯಾ ಎಂಬ ಎರಡು ಹೊಳೆ ಸೇರಿ ಸೊರಾಯಾ.

ಜೀಬ್ರಾ ಎಂದೆನಲ್ಲ, ಆ ಪದದ್ದೂ ಒಂದು ಕಥೆ. ಮಧ್ಯಯುಗದಲ್ಲಿ ಐಬೀರಿಯದ ಕಾಡಿನಲ್ಲಿ ಕುದುರೆಯಂಥದ್ದೋ ಕತ್ತೆಯಂಥದ್ದೋ ಒಂದು ಪ್ರಾಣಿ ಇತ್ತು. ಅದನ್ನು ಜನ 'ಜೆಬ್ರೊ' ಎನ್ನುತ್ತಿದ್ದರು. ಅದು ಅಳಿದುಹೋಯಿತು. ಪೋರ್ಚುಗೀಸ್ ನಾವಿಕರು ಆಫ್ರಿಕಾದಲ್ಲಿ ಪಟ್ಟೆಯ ಪ್ರಾಣಿ ಕಂಡಾಗ ಊರಿನ ಹೆಸರನ್ನೇ ಅದಕ್ಕೆ ಕೊಟ್ಟರು. ಇವತ್ತು ನಮ್ಮ ಮಕ್ಕಳು ಅಕ್ಷರ ಕಲಿಯುವ ಪುಸ್ತಕದಲ್ಲಿ ಓದುವ ಜೀಬ್ರಾ ಹಾಗೆ ಹುಟ್ಟಿದ ಹೆಸರು.

ಸೊರಾಯಾ ನಿಜಕ್ಕೂ ಎಲ್ಲಕ್ಕೂ ಮೂಲವೇ? ತಾಯಿಯ ಕಡೆಯಿಂದ ಬರುವ ಡಿಎನ್‌ಎ ನೋಡಿದವರಿಗೆ ಅಂಥ ನೇರ ದಾರಿ ಸಿಗಲಿಲ್ಲ. ಈಗ ಉಳಿದಿರುವುದು ಎರಡೇ ತಾಯಿ ವಂಶ. ಹಳೆಯ ರೂಪ ಇರುವುದೆಲ್ಲ ಮೂಲ ಎನ್ನುವಂತಿಲ್ಲ. ಆ ರೂಪದವನ್ನೇ ಆರಿಸಿ ಕೂಡಿಸಿದರೆ ಮರಿಗಳೂ ಹಾಗೇ ಇರುತ್ತವೆ. ಹಾಗೆಂದು ದಾಂದ್ರಾದ್ ಮಾಡಿದ್ದು ಚಿಕ್ಕ ಕೆಲಸವಲ್ಲ. ಅವನು ತಪ್ಪಾಗಿ ನಂಬಿದ್ದರೂ ಸರಿ, ನಂಬಿದ್ದರಿಂದಲೇ ಈ ಕುದುರೆ ಉಳಿಯಿತು. ಈಗ ಲೋಕದಲ್ಲೆಲ್ಲ ಸೇರಿಸಿದರೂ ಇರುವುದು ಕೆಲವು ನೂರು. ಎಲ್ಲವೂ ಬೆರಳೆಣಿಕೆಯ ಅಜ್ಜ-ಅಜ್ಜಿಯರ ಮೊಮ್ಮಕ್ಕಳು. ಹತ್ತಿರದ ರಕ್ತಸಂಬಂಧದಲ್ಲೇ ಮರಿ ಹಾಕಿಸುವುದರಿಂದ ಬರುವ ತೊಂದರೆ ಅವುಗಳ ಬೆನ್ನಿಗಿದೆ. ಹೊಸ ರಕ್ತ ತಂದರೆ ಸೊರಾಯಾ ಉಳಿಯುವುದಿಲ್ಲ, ತರದಿದ್ದರೆ ಬಲ ಉಳಿಯುವುದಿಲ್ಲ. ಸಾಕುವವರ ನಿಜವಾದ ತಲೆನೋವು ಇದು.

ಮಂಜಿನ ಬೆಟ್ಟದ ಗರ್ರಾನೊ

ನನಗೆ ಎಲ್ಲಕ್ಕಿಂತ ಇಷ್ಟ ಗರ್ರಾನೊ. 1.35 ಮೀಟರ್ ದಾಟದ ಗಿಡ್ಡ ಕುದುರೆ. ಕಡು ಕಂದು ಮೈ, ಕಪ್ಪು ಕಾಲು, ಕೆದರಿದ ಕುತ್ತಿಗೆ ಕೂದಲು, ಮುಖದ ಗೆರೆ ನೇರ ಇಲ್ಲವೇ ಸ್ವಲ್ಪ ಒಳಬಾಗಿದ್ದು. ಪೋರ್ಚುಗಲ್‌ನ ಉತ್ತರ ತುದಿಯ ಮಿನ್ಯೊ ಸೀಮೆಯ ಬೆಟ್ಟಗಳಲ್ಲಿ ಅದರ ಬದುಕು. ಅಲ್ಲಿನ ಪೆನೆಡಾ-ಜೆರೇಜ್ ದೇಶದ ಒಂದೇ ಒಂದು ರಾಷ್ಟ್ರೀಯ ಉದ್ಯಾನ, 1971ರಲ್ಲಿ ಆದದ್ದು. ಕರಿಕಲ್ಲು ಬಂಡೆ, ಮುಳ್ಳು ಪೊದೆ, ಮಂಜು, ಮಳೆ. ಇಂಥಲ್ಲಿ ಹಿಂಡು ತನ್ನಷ್ಟಕ್ಕೆ ಮೇಯುತ್ತ ಚಳಿಗಾಲ ಕಳೆಯುತ್ತದೆ.

ಪ್ರವಾಸಿಗಳು ಇವನ್ನು ಕಾಡು ಕುದುರೆ ಎಂದುಕೊಳ್ಳುತ್ತಾರೆ. ಅಲ್ಲ. ಹೆಚ್ಚಿನವಕ್ಕೆ ಕೆಳಗಿನ ಊರಿನಲ್ಲಿ ಒಡೆಯ ಇದ್ದಾನೆ. ಆಗಾಗ ಹಿಂಡನ್ನು ಕೆಳಗಿಳಿಸಿ, ಎಣಿಸಿ, ಮರಿಗಳಿಗೆ ಗುರುತು ಹಾಕಿ ಮತ್ತೆ ಬೆಟ್ಟಕ್ಕೆ ಬಿಡುತ್ತಾರೆ. ಹಿಂದೆ ಇವು ಹೊಲ ಉಳುತ್ತಿದ್ದವು, ಹೇರು ಹೊರುತ್ತಿದ್ದವು. ಟ್ರ್ಯಾಕ್ಟರ್ ಬಂತು, ಹುಡುಗರು ಪಟ್ಟಣಕ್ಕೂ ಫ್ರಾನ್ಸಿಗೂ ಹೋದರು, ಕುದುರೆಗೆ ಕೆಲಸ ಇಲ್ಲವಾಯಿತು. ಸಂಖ್ಯೆ ಇಳಿಯಿತು.

ಕೆಲಸ ತಪ್ಪಿದರೂ ತೋಳ ತಪ್ಪಲಿಲ್ಲ. ಐಬೀರಿಯದ ತೋಳಗಳಿಗೆ ಈ ಬೆಟ್ಟಗಳಲ್ಲಿ ಗರ್ರಾನೊ ಮರಿಗಳೇ ದೊಡ್ಡ ಆಹಾರ. 1988ರ ಕಾನೂನು ತೋಳವನ್ನು ರಕ್ಷಿಸುತ್ತದೆ, ತೋಳ ಹಿಡಿದ ಜಾನುವಾರಿಗೆ ಪರಿಹಾರವನ್ನೂ ಹೇಳುತ್ತದೆ. ಒಡೆಯನಿಗೆ ಮರಿ ಹೋದ ಸಂಕಟ, ಕಾಡು ಕಾಯುವವರಿಗೆ ತೋಳ ಉಳಿಯಬೇಕೆಂಬ ಚಿಂತೆ. ಅರಮನೆ ಎಂದೂ ನೋಡಿಕೊಳ್ಳದ ಕುದುರೆ ಇದು. ಗೊರಸು ಗಟ್ಟಿ ಇಲ್ಲದ್ದು, ಕಿವಿ ಚುರುಕಿಲ್ಲದ್ದು ಮರಿ ಹಾಕುವ ತನಕ ಬದುಕುತ್ತಿರಲಿಲ್ಲ. ಲುಸಿಟಾನೊವನ್ನು ಮನುಷ್ಯ ಆರಿಸಿದ. ಇಲ್ಲಿ ಆ ಕೆಲಸವನ್ನು ತೋಳ ಮತ್ತು ಚಳಿ ಮಾಡಿದವು.

ಗರ್ರಾನೊಗೆ ಒಂದು ವಿಶೇಷ ನಡಿಗೆ ಇದೆ. ಸಾಧಾರಣ ಕುಕ್ಕುಲೋಟದಲ್ಲಿ ಸವಾರನ ಎಲುಬು ಕದಲಿಹೋಗುತ್ತದೆ. ಇದು ಕಾಲುಗಳನ್ನು ಬೇರೆ ಕ್ರಮದಲ್ಲಿ ಎತ್ತಿಟ್ಟು ಕುಕ್ಕದೆ ಸರಸರನೆ ಸಾಗುತ್ತದೆ. ಬೆಟ್ಟದ ದಾರಿಯಲ್ಲಿ ದಿನವಿಡೀ ಹೋಗುವವನಿಗೆ ಅದೇ ಸುಖ. ಉತ್ತರದ ಜಾತ್ರೆಗಳಲ್ಲಿ ಈ ನಡಿಗೆಯಲ್ಲೇ ಪಂದ್ಯ ನಡೆಯುತ್ತದೆ. ಯಾವ ಕುದುರೆ ಓಡಲು ಶುರು ಮಾಡುತ್ತದೋ ಅದು ಸೋತಂತೆ.

ತೆರ್ಸೇರಾ ಪೋನಿಯ ಬಗ್ಗೆ ಎರಡು ಮಾತು ಸಾಕು. ಅಟ್ಲಾಂಟಿಕ್ ನಡುವಿನ ಅಸೋರ್ಸ್ ದ್ವೀಪಗಳಲ್ಲಿ ಒಂದಾದ ತೆರ್ಸೇರಾದ್ದು. ಎತ್ತರ 1.28 ಮೀಟರ್ ಹತ್ತಿರ, ಆದರೆ ನೋಡಲು ಕುಳ್ಳಗಿನ ಪೋನಿಯಂತಿಲ್ಲ, ದೊಡ್ಡ ಕುದುರೆಯನ್ನೇ ಅಳತೆ ಕಡಿಮೆ ಮಾಡಿ ಎರಕ ಹೊಯ್ದಂತಿದೆ. 2014ರಲ್ಲಿ ನಾಲ್ಕನೇ ನಾಟಿ ತಳಿ ಎಂದು ಮಾನ್ಯತೆ ಸಿಕ್ಕಿತು. ಮಕ್ಕಳ ಸವಾರಿಗೆ ಹೇಳಿ ಮಾಡಿಸಿದ್ದು.

ನೀವೇ ಹತ್ತುವುದಾದರೆ

ಹಳ್ಳಿಗಾಡಿನಲ್ಲಿ ಸವಾರಿ ಮಾಡಬೇಕೆಂದು ಹೋಗುವವರಿಗೆ ಅಲೆಂತೇಜು ಮೊದಲ ಆಯ್ಕೆ. 'ತೇಜುವಿನ ಆಚೆ' ಎಂಬುದೇ ಆ ಹೆಸರಿನ ಅರ್ಥ. ಏರಿಳಿತ ಕಡಿಮೆ, ಬಯಲು ಜಾಸ್ತಿ. ದೂರ ದೂರ ನಿಂತ ಕಾರ್ಕ್ ಓಕ್ ಮರಗಳ ನಡುವೆ ದಾರಿ. ಒಂಬತ್ತು ವರ್ಷಕ್ಕೊಮ್ಮೆ ಇವುಗಳ ತೊಗಟೆ ಸುಲಿಯುತ್ತಾರೆ. ಸುಲಿದ ಮರ ಕೆಂಪಗೆ ನಿಂತಿರುತ್ತದೆ, ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ. 4 ಎಂದಿದ್ದರೆ ಸುಲಿದದ್ದು 2024ರಲ್ಲಿ ಎಂದರ್ಥ. ಕುದುರೆ ಮೇಲೆ ಕೂತು ಓದಿಕೊಂಡು ಹೋಗಬಹುದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಹೋಗಬೇಡಿ. ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯ ನಂತರ ಒಳ್ಳೆಯದು. ಕರಾವಳಿಯ ಕೊಂಪೋರ್ತಾ ಕಡೆ ಭತ್ತದ ಗದ್ದೆ ದಾಟಿ ಕಡಲ ಮರಳಿಗೆ ಇಳಿಯುವ ಸವಾರಿ ಇದೆ. ಗದ್ದೆಯ ವಾಸನೆ ನಮ್ಮವರಿಗೆ ಹೊಸದೇನಲ್ಲ.

ನಡಿಗೆಯಲ್ಲಿ ಕುದುರೆ ಗಂಟೆಗೆ ಆರು ಕಿಲೋಮೀಟರ್ ಹೋಗುತ್ತದೆ. ಅರ್ಧ ದಿನ ಎಂದರೆ ಹದಿನೈದು ಕಿಲೋಮೀಟರ್ ಅಂದಾಜು. ರೂಢಿ ಇಲ್ಲದವರಿಗೆ ಅಷ್ಟೇ ಸಾಕು, ಮರುದಿನ ತೊಡೆ ಹೇಳುತ್ತದೆ. ಸಾಂಪ್ರದಾಯಿಕ ಪೋರ್ಚುಗೀಸ್ ಜೀನು ಸಿಕ್ಕರೆ ಹೆದರಬೇಡಿ. ಹಿಂದೆ ಮುಂದೆ ಎತ್ತರದ ಒರಗು ಇರುತ್ತದೆ, ಕುರಿಯ ಚರ್ಮ ಹೊದಿಸಿರುತ್ತಾರೆ. ರಿಕಾಪು ಬಳೆಯಂತಿರದೆ ಪೆಟ್ಟಿಗೆಯಂತಿರುತ್ತದೆ, ಪಾದ ಅದರೊಳಗೆ ಕೂರುತ್ತದೆ. ಮುಳ್ಳು ಪೊದೆ ತಾಗದಿರಲಿ, ಬಿದ್ದರೆ ಕಾಲು ತೂರಿ ಸಿಕ್ಕಿಕೊಳ್ಳದಿರಲಿ ಎಂದು ಮಾಡಿದ್ದು. ಹೆಲ್ಮೆಟ್ ಮಾತ್ರ ಕೇಳಿ ಹಾಕಿಕೊಳ್ಳಿ.

ಹೊಸಬರು ಲುಸಿಟಾನೊ ಮೇಲೆ ಮಾಡುವ ಒಂದು ತಪ್ಪಿದೆ. ಹೆದರಿ ಕಾಲುಗಳಿಂದ ಹೊಟ್ಟೆಯನ್ನು ಬಿಗಿಯಾಗಿ ಅವುಚಿಕೊಳ್ಳುತ್ತಾರೆ. ನಿಮಗೆ ಅದು "ನಿಲ್ಲಪ್ಪಾ", ಅದಕ್ಕೆ ಅದು "ಓಡು". ಜೊತೆಗೆ ಲಗಾಮನ್ನೂ ಎಳೆದರೆ ಓಡು, ನಿಲ್ಲು ಎರಡನ್ನೂ ಒಟ್ಟಿಗೆ ಹೇಳಿದಂತೆ. ಸವಾರನ ಸೊಂಟದ ಸಣ್ಣ ಅಲುಗಾಟವನ್ನೂ ಕೇಳಿಸಿಕೊಳ್ಳಲು ಬೆಳೆಸಿದ ಕುದುರೆ ಅದು. ಉಸಿರು ಬಿಟ್ಟು, ಸೊಂಟ ಭಾರ ಮಾಡಿ, ಕಾಲು ಸಡಿಲ ಬಿಡಿ. ಬಹಳ ಕಡೆ ಹೊಸಬರಿಗೆ ಸೌಮ್ಯವಾದ ಬೆರಕೆ ಕುದುರೆಯನ್ನೇ ಕೊಡುತ್ತಾರೆ. ಕೊಟ್ಟರೆ ಬೇಸರ ಬೇಡ.

ಅಲೆಂತೇಜುವಿನಲ್ಲಿ ದಾರಿಯುದ್ದಕ್ಕೂ ಬೇಲಿ ಬಾಗಿಲು. ಒಂದೊಂದಕ್ಕೂ ಇಳಿದು ಹತ್ತುವುದು ಬೇಸರ, ಹಾಗಾಗಿ ಕೂತಲ್ಲಿಂದಲೇ ತೆಗೆದು, ಕುದುರೆಯನ್ನು ಪಕ್ಕಕ್ಕೆ ಸರಿಸಿ, ಒಳಗೆ ಹೋಗಿ ಮುಚ್ಚುವುದು ಅಲ್ಲಿನವರ ಅಭ್ಯಾಸ. ಇದೇ ಈಗ ಒಂದು ಕ್ರೀಡೆ. 'ಕೆಲಸದ ಸವಾರಿ' ಎಂದು ಹೆಸರು. ಬಾಗಿಲು ತೆಗೆಯುವುದು, ಮರದ ಸೇತುವೆ ದಾಟುವುದು, ಕೋಲಿನಿಂದ ಉಂಗುರ ಎತ್ತುವುದು, ಹಿಂಡಿನಿಂದ ಒಂದು ದನವನ್ನು ಬೇರೆ ಮಾಡುವುದು ಎಲ್ಲಕ್ಕೂ ಅಂಕ. ಗೂಳಿ ಕಾಳಗ ಬೇಡವೆನ್ನುವವರಿಗೂ ಲುಸಿಟಾನೊ ಸಾಕಲು ಇದರಿಂದ ಒಂದು ಕಾರಣ ಸಿಕ್ಕಿತು.

ಇವನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ನವೆಂಬರ್‌ನಲ್ಲಿ ಗೊಲೆಗಾಂಗೆ ಹೋಗಬೇಕು. ರಿಬಾತೇಜುವಿನ ಸಣ್ಣ ಪಟ್ಟಣ. ಸಂತ ಮಾರ್ಟಿನ್ ಹಬ್ಬದ ದಿನ, ನವೆಂಬರ್ 11ರ ಆಸುಪಾಸು, ರಾಷ್ಟ್ರೀಯ ಕುದುರೆ ಜಾತ್ರೆ. ಸುಟ್ಟ ಚೆಸ್ಟ್‌ನಟ್ ಹೊಗೆ ಬೀದಿ ತುಂಬಾ. ರಾತ್ರಿಯಾದರೂ ಜನ ಕುದುರೆಯಿಂದ ಇಳಿಯುವುದಿಲ್ಲ, ಮೇಲೆ ಕೂತೇ ಲೋಟ ಹಿಡಿದು ಹರಟುತ್ತಾರೆ.

ಇಂಥ ಕುದುರೆ ಮೇಳಗಳಲ್ಲಿ ಒಂದು ಪಂದ್ಯಕ್ಕೆ 'ಕೋಬ್ರ' ಎಂದು ಹೆಸರು, ಹಾವು ಅಂತ. ಒಬ್ಬ ಒಡೆಯನ ಹೆಣ್ಣು ಕುದುರೆಗಳನ್ನು ಕುತ್ತಿಗೆಗೆ ಕುತ್ತಿಗೆ ಕಟ್ಟಿ ಸಾಲಾಗಿ ಓಡಿಸುತ್ತಾರೆ. ಸವಾರರಿಲ್ಲ, ಜೀನಿಲ್ಲ. ಬಣ್ಣ, ಎತ್ತರ, ಹೆಜ್ಜೆ ಎಷ್ಟು ಹೊಂದುತ್ತದೆ ಎಂದು ನೋಡುತ್ತಾರೆ. ಗೋದಿ ಒಕ್ಕುವ ಯಂತ್ರ ಬರುವ ಮುಂಚೆ ಇವುಗಳನ್ನು ಹೀಗೇ ಕಟ್ಟಿ ಕಣದಲ್ಲಿ ಹರಡಿದ ತೆನೆಗಳ ಮೇಲೆ ಸುತ್ತು ಹೊಡೆಸುತ್ತಿದ್ದರು. ಈಗ ಕಣ ಇಲ್ಲ, ತೆನೆ ಇಲ್ಲ. ಕುದುರೆಗಳು ಮಾತ್ರ ಇನ್ನೂ ಗೊರಸಿಗೆ ಗೊರಸು ಹೊಂದಿಸಿಕೊಂಡು ಸುತ್ತು ಬರುತ್ತವೆ.